ಪಾಕ ಬರುವ ಹೊತ್ತು

ಮದ್ದೂರು ದಾಟಿ ಮಂಡ್ಯದ ಕಡೆ ಸರ್ವಿಸ್ ರಸ್ತೆಯಲ್ಲಿ ಹೋಗುವವರಿಗೆ ಕಬ್ಬು ತುಂಬಿದ ಟ್ರಾಕ್ಟರ್ ಸಿಕ್ಕೇ ಸಿಗುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್‌ನಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರಾಕ್ಟರು ಬರುವಂತಿಲ್ಲ ಎಂದಾಯಿತು. ಹಾಗಾಗಿ ಕಬ್ಬಿನ ಲೋಡು, ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡು, ಶಾಲೆ ಮಕ್ಕಳ ಆಟೊ ಎಲ್ಲವೂ ಈಗ ಒಂದೇ ಸಾಲಿನಲ್ಲಿ. ಹಿಂದೆ ಸಿಕ್ಕಿಕೊಂಡವರು ಮೊದಲು ಮಾಡುವ ಕೆಲಸ ಹಾರ್ನ್ ಒತ್ತುವುದು.

ಆ ಹಾರ್ನ್ ಡ್ರೈವರಿಗೆ ಕೇಳಿಸುವುದೇ ಇಲ್ಲ. ಕಿವಿಯ ಮುಂದೆ ಇಂಜಿನ್ನು, ಬೆನ್ನ ಹಿಂದೆ ಆಳೆತ್ತರಕ್ಕೂ ಮೀರಿದ ಕಬ್ಬು. ಟ್ರೇಲರಿನ ಎರಡೂ ಪಕ್ಕಕ್ಕೆ ಜಲ್ಲೆಯ ತುದಿಗಳು ಚಾಚಿರುವುದರಿಂದ ಕನ್ನಡಿ ಇದ್ದರೂ ಹಿಂದಿನದು ಕಾಣದು. ಕೇಳಿಸಿತು ಅಂತಲೇ ಇಟ್ಟುಕೊಳ್ಳೋಣ, ಅವನು ಹೋಗುವುದಾದರೂ ಎಲ್ಲಿಗೆ? ಟಾರು ಬಿಟ್ಟು ಎಡಗಾಲಿ ಮಣ್ಣಿಗಿಳಿದರೆ ಲೋಡು ವಾಲುತ್ತದೆ, ವಾಲಿದ ಲೋಡು ಮತ್ತೆ ನೆಟ್ಟಗಾಗುವುದಿಲ್ಲ. ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗಿ ಟ್ರಾಕ್ಟರಿನ ಮುಂದಿನ ಚಕ್ರ ನೆಲ ಬಿಡುವುದೂ ಉಂಟು, ಆಗ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗದು. ಆದ್ದರಿಂದ ಗೊತ್ತಿರುವವರು ಮೂರ್ನಾಲ್ಕು ಗಾಡಿಯಷ್ಟು ಜಾಗ ಬಿಟ್ಟು ಹಿಂದೆ ಉಳಿಯುತ್ತಾರೆ, ನೇರ ದಾರಿ ಬಂದಾಗ ತುಸು ಬಲಕ್ಕೆ ಸರಿದು ಒಮ್ಮೆ ಲೈಟ್ ಮಿಣುಕಿಸುತ್ತಾರೆ. ಡ್ರೈವರ್ ಕೈ ಬೀಸಿದರೆ ಮುಂದೆ, ಇಲ್ಲದಿದ್ದರೆ ಇನ್ನೊಂದು ತಿರುವಿನ ತನಕ ಹೀಗೇ.

ತಾಳ್ಮೆಯ ಬಗ್ಗೆ ಬರೆಯಹೊರಟು ಟ್ರಾಕ್ಟರಿನ ವಿಷಯ ಯಾಕೆ ಅಂದರೆ, ಹಿಂದೆ ಹೋಗುವ ಆ ಹತ್ತು ನಿಮಿಷ ಸುಮ್ಮನೆ ಹಲ್ಲು ಕಚ್ಚಿ ಕೂರುವ ಹತ್ತು ನಿಮಿಷವಲ್ಲ. ಮುಂದಿನ ಗಾಡಿ ಯಾಕೆ ನಿಧಾನ ಅನ್ನುವುದು ಗೊತ್ತಿದ್ದವನಿಗೆ ಕಾಯುವುದು ಸುಲಭ. ಕಾರಣ ಗೊತ್ತಿಲ್ಲದವನಿಗೆ ಅದೇ ಹತ್ತು ನಿಮಿಷ ಯಾರೋ ತನಗೆ ಮಾಡಿದ ಅವಮಾನದಂತೆ ಕಾಣುತ್ತದೆ. ಇದನ್ನು ಮಂಡ್ಯದ ಆಲೆಮನೆಗಿಂತ ಚೆನ್ನಾಗಿ ತೋರಿಸುವ ಜಾಗ ಇನ್ನೊಂದು ಇರಲಾರದು.

ಮಂಡ್ಯ ಸಕ್ಕರೆಯ ಊರು ಅನ್ನುವುದು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ಬಂದ ಮಾತು. ಸಕ್ಕರೆ ಕಾರ್ಖಾನೆಯ ಕೆಲಸ ಗೇಟಿನೊಳಗೆ ನಡೆಯುತ್ತದೆ, ನೋಡಲು ಸಿಗದು. ಆಲೆಮನೆಗೆ ಗೇಟಿಲ್ಲ. ಗಾಣ, ಒಲೆ, ಕೊಪ್ಪರಿಗೆ, ಅಚ್ಚು, ಮೇಲೊಂದು ತಗಡಿನ ಸೂರು, ಅಷ್ಟೇ. ಒಂದು ಟನ್ ಕಬ್ಬು ಅರೆದರೆ ಸುಮಾರು 600ರಿಂದ 650 ಕೆಜಿ ಹಾಲು ಇಳಿಯುತ್ತದೆ (ಈ ಸೀಮೆಯಲ್ಲಿ ಕಬ್ಬಿನ ರಸಕ್ಕೆ ಹಾಲು ಅಂತಲೇ ಹೆಸರು), ಆ ಹಾಲಿನಿಂದ ಬರುವ ಬೆಲ್ಲ ಹೆಚ್ಚುಕಡಿಮೆ ನೂರು ಕೆಜಿ. ಉಳಿದಿದ್ದೆಲ್ಲ ನೀರು, ಆವಿಯಾಗಿ ಸೂರಿನ ಸಂದಿಯಿಂದ ಹೋಗಬೇಕು. ಒಂದು ಕೊಪ್ಪರಿಗೆಗೆ ಎರಡೂವರೆ–ಮೂರು ಗಂಟೆ ಹಿಡಿಯುತ್ತದೆ. ಬೆಂಕಿ ಜಾಸ್ತಿ ಮಾಡಿ ಒಂದೂವರೆ ಗಂಟೆಗೆ ಮುಗಿಸಬಾರದೇ ಎಂದು ಹೊಸಬರು ಕೇಳುತ್ತಾರೆ. ಮುಗಿಸಬಹುದು. ಆದರೆ ಆ ಬೆಲ್ಲವನ್ನು ಕೊಳ್ಳುವವರು ಇರುವುದಿಲ್ಲ.

ಕಾರಣ ಮೊದಲ ಅರ್ಧ ಗಂಟೆಯಲ್ಲಿದೆ. ಹಾಲು ಕೊಪ್ಪರಿಗೆಗೆ ಬಿದ್ದ ಕೂಡಲೆ ಒಲೆಯನ್ನು ಜೋರು ಮಾಡುವುದಿಲ್ಲ. ಹಾಲಿನಲ್ಲಿ ಮಣ್ಣು, ಜಲ್ಲೆಯ ಮೇಲಿನ ಮೇಣ, ಸಿಪ್ಪೆಯ ಪುಡಿ, ಪ್ರೋಟೀನಿನ ಅಂಟು ಎಲ್ಲ ಸೇರಿಕೊಂಡಿರುತ್ತದೆ. ನಿಧಾನ ಕಾಯಿಸಿದರೆ, ಕುದಿ ಬರುವ ಮುಂಚೆಯೇ ಇವೆಲ್ಲ ಒಂದಕ್ಕೊಂದು ಅಂಟಿ ಕಪ್ಪು–ಹಸಿರು ಕೆನೆಯ ಹಾಗೆ ಮೇಲೆ ಬರುತ್ತವೆ. ಇದಕ್ಕೆ ನೆರವಾಗಲೆಂದೇ ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ಕಿವುಚಿ ತೆಗೆದ ಲೋಳೆಯನ್ನು ಹಾಕುವುದು. ಲೋಳೆ ಬಿಸಿಗೆ ಹೆಪ್ಪುಗಟ್ಟುವಾಗ ಸಣ್ಣ ಕಸವನ್ನೂ ತಬ್ಬಿಕೊಂಡು ಮೇಲಕ್ಕೆ ತರುತ್ತದೆ. ಆ ಕೆನೆಯನ್ನು ಉದ್ದ ಹಿಡಿಯ ಜರಡಿ ಸೌಟಿನಿಂದ ಅಂಚಿಗೆ ದೂಡಿ ಎತ್ತಿ ಹಾಕಬೇಕು. ಎತ್ತುವ ಮುಂಚೆಯೇ ಹಾಲು ಕೊತಕೊತ ಕುದಿಯಿತೋ, ಕೆನೆ ಒಡೆದು ಚೂರಾಗಿ ಹಾಲಿಗೇ ಮರಳುತ್ತದೆ. ಆಮೇಲೆ ಎಷ್ಟು ಸೋಸಿದರೂ ಬಾರದು. ಬೆಲ್ಲ ಕಪ್ಪಾಗಿ, ನಾಲಿಗೆಗೆ ಮರಳು ಸಿಕ್ಕಂತಾಗುತ್ತದೆ.

ಸುಣ್ಣದ ತಿಳಿ ಹಾಕುವುದೂ ಇದೇ ಹೊತ್ತಿನಲ್ಲಿ. ಕಬ್ಬಿನ ಹಾಲು ತುಸು ಹುಳಿ, ಪಿಎಚ್ ಐದರಿಂದ ಐದೂವರೆಯ ಆಸುಪಾಸು. ಅದನ್ನು ಆರೂವರೆಯ ಹತ್ತಿರಕ್ಕೆ ತರಬೇಕು. ಹಾಗೇ ಬಿಟ್ಟರೆ ಕಾಯುತ್ತ ಕಾಯುತ್ತ ಸಕ್ಕರೆಯ ಅಂಶ ಒಡೆದು ಗ್ಲೂಕೋಸು, ಫ್ರಕ್ಟೋಸು ಆಗುತ್ತದೆ, ಬೆಲ್ಲ ಗಟ್ಟಿಯಾಗದೆ ಮೆತ್ತಗೆ ಕೂರುತ್ತದೆ. ಹೆಚ್ಚು ಹಾಕಿದರೆ ಗಟ್ಟಿಯೇನೋ ಆಗುತ್ತದೆ, ಬಣ್ಣ ಇಟ್ಟಿಗೆಯಂತಾಗಿ ರುಚಿಯಲ್ಲಿ ಕ್ಷಾರ ನಿಲ್ಲುತ್ತದೆ. ಎಷ್ಟು ಹಾಕಬೇಕು ಅನ್ನುವುದು ಪುಸ್ತಕದಲ್ಲಿ ಸಿಗುವ ಲೆಕ್ಕವಲ್ಲ, ಅವತ್ತಿನ ಕಬ್ಬನ್ನು ನೋಡಿ ಹಾಕಬೇಕು. ನಿನ್ನೆ ಕಡಿದ ಕಬ್ಬಿಗೂ ಮೂರು ದಿನ ಬಿಸಿಲಲ್ಲಿ ಒಣಗಿದ ಕಬ್ಬಿಗೂ ಒಂದೇ ಅಳತೆ ಹಾಕುವವನು ಕೆಲಸ ಕಲಿತಿಲ್ಲ.

ಕೆನೆ ತೆಗೆದಾದ ಮೇಲೆ ಒಲೆಗೆ ತಡೆಯಿಲ್ಲ. ಒಣಗಿಸಿಟ್ಟ ಕಬ್ಬಿನ ಸಿಪ್ಪೆಯನ್ನು ಒಬ್ಬರು ಒಂದೇ ಸಮ ಒಲೆಯ ಬಾಯಿಗೆ ಎಸೆಯುತ್ತಿರಬೇಕು. ಇದು ನಡುವಿನ ಬೇಸರದ ಘಟ್ಟ. ನೋಡಲು ಏನೂ ಬದಲಾಗುವುದಿಲ್ಲ, ಬೆವರು ಮಾತ್ರ ಇಳಿಯುತ್ತದೆ. ಮಾತುಕತೆ, ಎಲೆಅಡಿಕೆ, ಬೀಡಿ ಎಲ್ಲ ಈಗಲೇ.

ಆಮೇಲೆ ಗುಳ್ಳೆಗಳು ಸಣ್ಣದಾಗುತ್ತವೆ. ನೀರು ಕುದಿಯುವ ಸದ್ದು ಹೋಗಿ ಗಂಜಿ ಕುದಿಯುವ ಸದ್ದು ಬರುತ್ತದೆ. ಹಳದಿ ನೊರೆ ಕೊಪ್ಪರಿಗೆಯ ಬಾಯಿಯ ತನಕ ಏರಿ ಬಂದಾಗ ಸ್ವಲ್ಪ ಹರಳೆಣ್ಣೆ ಚಿಮುಕಿಸಿದರೆ ಸಾಕು, ಬೈಸಿಕೊಂಡ ಹುಡುಗನ ಹಾಗೆ ನೊರೆ ಕೆಳಗೆ ಕೂರುತ್ತದೆ. ಇಲ್ಲಿಂದ ಮುಂದೆ ಮಾತು ನಿಲ್ಲುತ್ತದೆ. ಸಿಪ್ಪೆ ಎಸೆಯುತ್ತಿದ್ದವರು ಕೈ ತಡೆಯುತ್ತಾರೆ. ಎರಡು ಗಂಟೆ ಸೋಮಾರಿಯಂತೆ ಕಂಡ ಕೆಲಸ ಈಗ ನಿಮಿಷಗಳ ಮೇಲೆ ನಿಂತಿರುತ್ತದೆ. ಜೋನಿ ಬೆಲ್ಲಕ್ಕೆ (ಅಚ್ಚಿಗೆ ಹಾಕದ ನೀರು ಬೆಲ್ಲ) ಪಾಕವನ್ನು 105–106 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಲೆಯಿಂದ ಇಳಿಸಬೇಕು, ಅಚ್ಚಿನ ಬೆಲ್ಲಕ್ಕೆ 116ರಿಂದ 118, ಪುಡಿ ಬೆಲ್ಲಕ್ಕೆ 120 ದಾಟಬೇಕು. ಜೋನಿಗೂ ಪುಡಿಗೂ ನಡುವೆ ಇರುವುದು ಹದಿನೈದು ಡಿಗ್ರಿ.

ಥರ್ಮಾಮೀಟರ್ ಇರುವ ಆಲೆಮನೆಗಳೂ ಇವೆ. ಆದರೆ ಪಾಕ ನೋಡುವವರು ನಂಬುವುದು ನೀರಿನ ಬಟ್ಟಲನ್ನು. ಸೌಟಿನ ತುದಿಯಿಂದ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹಿಡಿದು ಉರುಳಿಸುತ್ತಾರೆ. ಬೆರಳಿಗೆ ಅಂಟಿ ಎಳೆಯಾದರೆ ಇನ್ನೂ ಹೊತ್ತಿದೆ. ಉಂಡೆಯಾದರೂ ಒತ್ತಿದಾಗ ಚಪ್ಪಟೆಯಾದರೆ ಹತ್ತಿರ ಬಂದಿದೆ. ಗಟ್ಟಿ ಉಂಡೆಯಾಗಿ, ಬಟ್ಟಲಿನ ಅಂಚಿಗೆ ಹೊಡೆದರೆ ಠಣ್ ಅಂದರೆ ಆಯಿತು. "ಇನ್ನೊಂಚೂರು ಇರ್ಲಾ ಅಣ್ಣ?" ಅಂತ ಒಲೆಯ ಕಡೆಯಿಂದ ಕೇಳಿದರೆ ಉತ್ತರ ಬಾಯಲ್ಲಿ ಬರುವುದಿಲ್ಲ, ಅಂಗೈ ಮೇಲೆತ್ತಿ ತೋರಿಸುತ್ತಾರೆ. ಬೆಂಕಿ ಬಿಟ್ಟ ಮೇಲೂ ಕೊಪ್ಪರಿಗೆಯ ತಳದ ಕಾವು ಪಾಕವನ್ನು ಇನ್ನಷ್ಟು ಮುಂದಕ್ಕೆ ಒಯ್ಯುತ್ತದೆ. ಅದನ್ನೂ ಲೆಕ್ಕ ಹಿಡಿದು, ಹದಕ್ಕೆ ಒಂದು ಕೂದಲೆಳೆ ಮುಂಚೆಯೇ ಇಳಿಸಬೇಕು. ಪೂರ್ತಿ ಆಗಲಿ ಅಂತ ಕಾದವನ ಬೆಲ್ಲ ಸೀದಿರುತ್ತದೆ.

ತಾಳ್ಮೆಗೆಟ್ಟವನು ಅಂದರೆ ಅವಸರ ಮಾಡುವವನು ಅಂತಷ್ಟೇ ನಾವು ತಿಳಿದಿದ್ದೇವೆ. ಇಳಿಸಬೇಕಾದ ಹೊತ್ತಿಗೆ ಇಳಿಸದೆ ಕೂತವನ ಕೆಲಸವೂ ಕೆಟ್ಟಿತಲ್ಲ, ಅದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ತೊಟ್ಟಿಗೆ ಸುರಿದ ಪಾಕವನ್ನು ಮರದ ಹುಟ್ಟಿನಿಂದ ತಿರುವಿ ಆರಿಸಿ, ನೀರಲ್ಲಿ ನೆನೆಸಿಟ್ಟ ಮರದ ಅಚ್ಚಿಗೆ ತುಂಬುತ್ತಾರೆ. ಒಣ ಅಚ್ಚಿಗೆ ತುಂಬಿದರೆ ಬೆಲ್ಲ ಕಚ್ಚಿಕೊಳ್ಳುತ್ತದೆ. ತಿರುವುವುದು ಅತಿಯಾದರೆ ಪಾಕ ಹರಳುಗಟ್ಟಿ ಪುಡಿಪುಡಿಯಾಗುತ್ತದೆ. ಇಷ್ಟೆಲ್ಲ ಸರಿಯಾಗಿ ಮಾಡಿದರೂ ಬೆಲ್ಲ ಕೂರದೆ ಹೋಗುವುದುಂಟು. ಆಗ ತಪ್ಪು ಆಲೆಮನೆಯದಲ್ಲ, ಹೊಲದ್ದು. ಕಡಿಯುವುದಕ್ಕೆ ಎರಡು–ಮೂರು ವಾರ ಮುಂಚೆ ನೀರು ನಿಲ್ಲಿಸಬೇಕು, ನಿಲ್ಲಿಸಿರುವುದಿಲ್ಲ. ಬೆಳೆ ಹಸಿರಾಗಿ ಕಾಣಲಿ ಅಂತ ಕೊನೆಗಾಲದಲ್ಲಿ ಯೂರಿಯಾ ಸುರಿದಿರುತ್ತಾರೆ. ಗಾಳಿಗೆ ಮಲಗಿದ ಕಬ್ಬು, ಹನ್ನೆರಡು ತಿಂಗಳು ತುಂಬದ ಎಳೆ ಕಬ್ಬು, ಎರಡೂ ಕೈಕೊಡುತ್ತವೆ. ಕೊಪ್ಪರಿಗೆಯ ಮೂರು ಗಂಟೆಯ ಹಿಂದೆ ಹೊಲದ ಒಂದು ವರ್ಷ ಇದೆ. ಅಲ್ಲಿ ಕಳೆದದ್ದನ್ನು ಇಲ್ಲಿ ಯಾವ ಸೌಟೂ ಎತ್ತಿ ಕೊಡಲಾರದು.

ಇಷ್ಟು ನಿಗಾ ಬೇಡುವ ಜಾಗದಲ್ಲೇ ಬಂದವರಿಗೆ ಕೊಡುವ ರೂಢಿಯೂ ಉಳಿದಿದೆ ಅನ್ನುವುದು ಗಮನಿಸಬೇಕಾದ ಸಂಗತಿ. ಆಲೆಮನೆಗೆ ಹೋದವರನ್ನು ಬರಿಗೈಲಿ ಕಳಿಸಬಾರದು ಅನ್ನುವುದು ಇಲ್ಲಿನ ಲೆಕ್ಕ. ದಾರಿಹೋಕನಿಗೂ ಒಂದು ಚೊಂಬು ಹಾಲು, ಪಾಕ ಇಳಿದ ಹೊತ್ತಾದರೆ ಎಲೆಯ ಮೇಲೆ ಬಿಸಿ ಬೆಲ್ಲ. ಯಾರು, ಯಾವೂರು ಅನ್ನುವ ವಿಚಾರಣೆ ಆಮೇಲೆ. ಲೆಕ್ಕ ಹಾಕಿದರೆ ಚೊಂಬು ಹಾಲಿನಿಂದ ಕಳೆದುಕೊಳ್ಳುವುದು ಒಂದು ಹಿಡಿ ಬೆಲ್ಲ. ಒಂದು ಮಾತು ಮಾತ್ರ ನೆನಪಿರಲಿ, ಬೆಲ್ಲದಾಸೆಗೆ ಮಕ್ಕಳು ಕೊಪ್ಪರಿಗೆಯ ಹತ್ತಿರ ನುಗ್ಗುತ್ತಾರೆ. ಪಾಕದ ಸುಟ್ಟಗಾಯ ನೀರಿನದಕ್ಕಿಂತ ಕೆಟ್ಟದ್ದು. ನೀರಿಗಿಂತ ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಕೀಳಲು ಹೋಗದೆ ಹರಿಯುವ ತಣ್ಣೀರಿಗೆ ಇಪ್ಪತ್ತು ನಿಮಿಷ ಹಿಡಿದು ಆಸ್ಪತ್ರೆಗೆ ಕರೆದೊಯ್ಯಬೇಕು. ಟೂತ್‌ಪೇಸ್ಟು, ಶಾಯಿ, ಅರಿಶಿನ ಏನನ್ನೂ ಮೆತ್ತಬಾರದು. ಪ್ರೀತಿ ತೋರಿಸುವ ಅವಸರದಲ್ಲಿ ಮೆತ್ತುವವರೇ ಹೆಚ್ಚು.

ಈಗ ಅನೇಕ ಆಲೆಮನೆಗಳಲ್ಲಿ ದುಡಿಯುವವರು ಉತ್ತರದ ರಾಜ್ಯಗಳಿಂದ ಬಂದವರು. ಅವರಿಗೆ ಕನ್ನಡ ಅರ್ಧ, ನಮಗೆ ಹಿಂದಿ ಕಾಲು. ಆದರೂ ಚೊಂಬು ಮುಂದೆ ಬರುತ್ತದೆ. ಕೊಳ್ಳಲು ಬಂದ ನಾವೋ, ಬೆಲ್ಲದ ಬಣ್ಣ ನೋಡಿ ಮುಖ ಸಿಂಡರಿಸುತ್ತೇವೆ. ಹೊಂಬಣ್ಣದ್ದೇ ಬೇಕು ಅನ್ನುವ ನಮ್ಮ ಹಟಕ್ಕೆ ಹೈಡ್ರೋಸ್ ಎಂಬ ಬಿಳುಪಿಸುವ ಪುಡಿ ಬಂದು ಸೇರಿಕೊಂಡಿತು. ಅದು ಹಾಕಿದ ಬೆಲ್ಲ ಅಂಗಡಿಯಲ್ಲಿ ಫಳಫಳ ಅನ್ನುತ್ತದೆ, ಮನೆಯ ಡಬ್ಬಿಯಲ್ಲಿ ದಿನ ಕಳೆದಂತೆ ಬಣ್ಣ ಬಿಡುತ್ತದೆ. ಕಂದು ಬೆಲ್ಲವನ್ನು ನಿಜವಾಗಿ ಪರೀಕ್ಷೆ ಮಾಡುವುದಾದರೆ ಒಂದು ತುಂಡನ್ನು ಬಿಸಿನೀರಲ್ಲಿ ಕರಗಿಸಿ ಅರ್ಧ ಗಂಟೆ ಬಿಡಿ. ತಳದಲ್ಲಿ ಕೂತ ಮಣ್ಣು ಎಷ್ಟು ಅನ್ನುವುದು, ಕೆನೆ ತೆಗೆದವರು ಎಷ್ಟು ಹೊತ್ತು ನಿಂತಿದ್ದರು ಅನ್ನುವುದರ ಲೆಕ್ಕ.

"ತಾಳಿದವನು ಬಾಳಿಯಾನು" ಅನ್ನುವ ಗಾದೆಯ ಮೇಲೆ ಒಂದು ಸಣ್ಣ ತಕರಾರಿದೆ. ಈ ಮಾತು ಯಾರು ಯಾರಿಗೆ ಹೇಳುತ್ತಾರೆ ನೋಡಿ. ಅತ್ತೆ ಸೊಸೆಗೆ, ಧಣಿ ಆಳಿಗೆ, ಕೌಂಟರಿನ ಒಳಗಿರುವವರು ಹೊರಗೆ ನಿಂತವರಿಗೆ. ಮೇಲಿನಿಂದ ಕೆಳಕ್ಕೇ ಹರಿಯುತ್ತದೆ ಹೊರತು ಕೆಳಗಿನಿಂದ ಮೇಲಕ್ಕೆ ಹೋದದ್ದು ಕಡಿಮೆ. ಹೊಡೆತ ತಿಂದು ಸುಮ್ಮನಿರುವುದಕ್ಕೂ, ಕೂಲಿ ಬಾಕಿ ಉಳಿಸಿಕೊಂಡವನ ಮನೆ ಬಾಗಿಲಲ್ಲಿ ಆರು ತಿಂಗಳು ನಿಲ್ಲುವುದಕ್ಕೂ ತಾಳ್ಮೆ ಅನ್ನುವ ಒಳ್ಳೆಯ ಹೆಸರು ಕೊಡಬೇಕಾಗಿಲ್ಲ. ಸೀಯುತ್ತಿರುವ ಪಾಕ ಅದು. ಇಳಿಸಬೇಕು, ಕೇಳಬೇಕು, ಬೇಕಾದರೆ ಜಗಳ ಆಡಬೇಕು.

ಹಂಚಿಕೊಂಡು ಕಾಯುವುದು ಹೇಗೆ ಅನ್ನುವುದಕ್ಕೆ ಇದೇ ಜಿಲ್ಲೆಯಲ್ಲಿ ನಾಲೆ ಇದೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಆಮೇಲೆ ಇರ್ವಿನ್ ನಾಲೆ ಅನ್ನಿಸಿಕೊಂಡು ಈಗ ವಿಶ್ವೇಶ್ವರಯ್ಯ ನಾಲೆಯಾಗಿರುವ ಕಾಲುವೆ ಮಂಡ್ಯದ ಹೊಲಗಳಿಗೆ ನೀರು ತಂದಿತು. ಕಟ್ಟೆ 124.80 ಅಡಿ ತುಂಬಿದ ವರ್ಷ ಮಾತು ಬೇರೆ. ಕಡಿಮೆಯಿದ್ದಾಗ ಕಟ್ಟು ಪದ್ಧತಿ ಬರುತ್ತದೆ, ಇಷ್ಟು ದಿನ ನೀರು, ಅಷ್ಟು ದಿನ ಬಂದ್. ಮೇಲ್ಭಾಗದವರು ಕುಡಿದು ಮಿಕ್ಕಿದ್ದು ಮದ್ದೂರು, ಮಳವಳ್ಳಿಯ ಕೊನೆಭಾಗಕ್ಕೆ. ತೂಬಿನಿಂದ ಇಳಿದ ಸಣ್ಣ ಕಾಲುವೆಯಲ್ಲೂ ಇದೇ ಕಥೆ, ಮೊದಲ ಗದ್ದೆ, ಎರಡನೇ ಗದ್ದೆ, ಕೊನೆಯ ಗದ್ದೆ.

ಇಲ್ಲಿ ಒಳ್ಳೆಯತನ ಅಂದರೆ ದೊಡ್ಡ ಮಾತೇನಿಲ್ಲ, ಒಂದು ಫೋನು, ನಾಲ್ಕು ಸನಿಕೆ ಮಣ್ಣು. ಸರದಿ ಮುಗಿದವರು ತಮ್ಮ ಮಡೆಯನ್ನು (ಗದ್ದೆಗೆ ನೀರು ಬಿಡುವ ಕಿಂಡಿ) ತಾವೇ ಹುಲ್ಲು, ಮಣ್ಣು ಇಟ್ಟು ಬಿಗಿಯಾಗಿ ಕಟ್ಟಿ, ಕೆಳಗದ್ದೆಯವರಿಗೆ "ನೀರ್ ಬುಟ್ಟಿವ್ನಿ ಕಣಣ್ಣ, ನೋಡ್ಕೊ" ಅಂತ ಒಂದು ಮಾತು ಹೇಳಿದರೆ ಆಯಿತು. ಹೇಳದೆ ಹೋದರೆ ರಾತ್ರಿ ಎರಡು ಗಂಟೆಗೆ ಬ್ಯಾಟರಿ ಹಿಡಿದು ಅವರು ಬರಬೇಕು, ಬಂದಾಗ ನೀರು ಯಾರ ಗದ್ದೆಗೂ ಹೋಗದೆ ಹಳ್ಳ ಸೇರಿರುತ್ತದೆ. ಸಡಿಲ ಕಟ್ಟಿದ ಮಡೆ ಅರ್ಧ ರಾತ್ರಿಯಲ್ಲಿ ಒಡೆಯುತ್ತದೆ, ಬೆಳಗ್ಗೆ ಅದು "ಬೇಕಂತ್ಲೇ ಬುಟ್ಟ" ಅಂತಾಗುತ್ತದೆ. ತಲೆಮಾರಿನ ದ್ವೇಷಗಳನ್ನು ಅಗೆಯುತ್ತ ಹೋದರೆ ತಳದಲ್ಲಿ ಸಿಗುವುದು ಇಂಥದೇ ಒಂದು ಸಡಿಲ ಮಡೆ.

ಮೇಲಿನವರು ಅಗತ್ಯ ಮೀರಿ ಕಟ್ಟಿಕೊಂಡರೆ ಅವರಿಗೇನು ಲಾಭ ಅಂತಲೂ ಕೇಳಬೇಕು. ಭತ್ತಕ್ಕೆ ಎರಡು ಇಂಚು ನಿಂತ ನೀರು ಸಾಕು. ಗದ್ದೆ ತುಂಬ ನೀರು ನಿಲ್ಲಿಸಿ ಯೂರಿಯಾ ಎರಚಿದರೆ ಗೊಬ್ಬರ ಬೇರಿಗೆ ಇಳಿಯದೆ ನೀರಿನ ಜೊತೆ ಹೋಗುತ್ತದೆ. ಮೇಲುಗೊಬ್ಬರ ಕೊಡುವ ಮುನ್ನ ನೀರು ಬಸಿದು, ಒಂದೆರಡು ದಿನ ಬಿಟ್ಟು ಮತ್ತೆ ಕಟ್ಟಬೇಕು ಅನ್ನುವುದು ಕೃಷಿ ಇಲಾಖೆಯವರು ಹೇಳಿ ಹೇಳಿ ಸಾಕಾದ ಮಾತು. ಬಸಿದ ಆ ನೀರೇ ಕೆಳಗದ್ದೆಗೆ ದಕ್ಕುತ್ತದೆ.

ಹೊಲದ ತಾಳ್ಮೆಗೆ ಕಾಲದ ಹಂಗಿದೆ, ಬೆಳೆ ಬಂದರೆ ಮುಗಿಯಿತು. ಮನೆಯೊಳಗಿನದು ಹಾಗಲ್ಲ. ಮೈಸೂರಿನ ಹಳೇ ಬಡಾವಣೆಗಳಲ್ಲಿ, ಒಂಟಿಕೊಪ್ಪಲಿನಲ್ಲೋ ಕುವೆಂಪುನಗರದಲ್ಲೋ, ಸಂಜೆ ಒಂದು ಸುತ್ತು ಹಾಕಿದರೆ ಪ್ರತಿ ಮೂರನೇ ಮನೆಯಿಂದ ಒಂದೇ ಥರದ ಸದ್ದು ಬರುತ್ತದೆ. ಮಗನೋ ಸೊಸೆಯೋ ಗಂಟಲು ಕಿತ್ತು ಬರುವಂತೆ ಕೂಗುತ್ತಿರುತ್ತಾರೆ, ಒಳಗಿಂದ ವಯಸ್ಸಾದ ದನಿ "ಆಂ? ಏನಂದೆ?" ಅನ್ನುತ್ತದೆ. ನಾಲ್ಕನೇ ಸಲಕ್ಕೆ "ಏನಿಲ್ಲ ಬಿಡಮ್ಮ" ಅನ್ನುವಲ್ಲಿಗೆ ಮುಗಿಯುತ್ತದೆ. ವಯಸ್ಸಾದವರನ್ನು ಎಲ್ಲಕ್ಕಿಂತ ಒಂಟಿ ಮಾಡುವ ಮಾತು ಈ "ಏನಿಲ್ಲ ಬಿಡಿ."

ಕೂಗಿದರೆ ಯಾಕೆ ಕೇಳಿಸುವುದಿಲ್ಲ ಗೊತ್ತೇ? ವಯಸ್ಸಿನ ಕಿವುಡುತನದಲ್ಲಿ ಮೊದಲು ಹೋಗುವುದು ಕೀರಲು ಸದ್ದುಗಳು. ಅ, ಆ, ಒ ಇಂಥ ಸ್ವರಗಳು ತಗ್ಗಿನ ಸದ್ದು, ಅವು ಚೆನ್ನಾಗೇ ಕೇಳುತ್ತವೆ. ಸ, ಶ, ಚ, ತ, ಪ ಇವು ಮಸುಕಾಗುತ್ತವೆ. ಹಾಗಾಗಿ ಯಾರೋ ಮಾತಾಡಿದ್ದು ತಿಳಿಯುತ್ತದೆ, ಏನು ಅನ್ನುವುದು ತಿಳಿಯುವುದಿಲ್ಲ. ಕೂಗಿದಾಗ ಜೋರಾಗುವುದು ಸ್ವರಗಳೇ. ವ್ಯಂಜನ ಇನ್ನೂ ಮುಚ್ಚಿಹೋಗುತ್ತದೆ, ಜೊತೆಗೆ ಕೂಗುವವರ ಮುಖ ಸಿಟ್ಟಿನ ಮುಖವಾಗುತ್ತದೆ. ಅವರಿಗೆ ಮಾತು ಕೇಳಿಸದಿದ್ದರೂ ಮುಖ ಕಾಣಿಸುತ್ತದೆ.

ಕೆಲಸಕ್ಕೆ ಬರುವ ದಾರಿ ಬೇರೆ. ಅಡುಗೆಮನೆಯಿಂದ ಮಾತು ಎಸೆಯದೆ ಎದುರಿಗೆ ಬಂದು ನಿಲ್ಲಬೇಕು, ಬೆಳಕು ನಿಮ್ಮ ಮುಖದ ಮೇಲಿರಬೇಕು. ತುಟಿ ನೋಡಿಯೇ ಅವರು ಅರ್ಧ ಅರ್ಥ ಮಾಡಿಕೊಳ್ಳುವುದು. ಟಿವಿ, ಮಿಕ್ಸಿ ನಿಲ್ಲಿಸಿ. ಭುಜ ಮುಟ್ಟಿ "ಅಮ್ಮ" ಅಂತ ಕರೆದು, ಅವರು ತಿರುಗಿದ ಮೇಲೆ ಮಾಮೂಲಿಗಿಂತ ತುಸು ದಪ್ಪ ದನಿಯಲ್ಲಿ, ಬಿಡಿಸಿ ಹೇಳಿ. ಕೇಳಿಸದಿದ್ದರೆ ಅದೇ ವಾಕ್ಯವನ್ನು ಮತ್ತೆ ಹೇಳುವ ಬದಲು ಪದ ಬದಲಿಸಿ. "ಚಪಾತಿ ತಿಂತೀಯಾ" ತಿಳಿಯದಿದ್ದರೆ "ರಾತ್ರಿ ಊಟಕ್ಕೆ ಏನು ಮಾಡ್ಲಿ" ಅಂದರೆ ತಿಳಿಯಬಹುದು. ಕಿವಿಯಲ್ಲಿ ಗುಗ್ಗೆ ತುಂಬಿದೆಯೇ ಅನ್ನುವುದನ್ನು ಮೊದಲು ಡಾಕ್ಟರಿಗೆ ತೋರಿಸಿ, ಎಷ್ಟೋ ಜನರ ಸಮಸ್ಯೆ ಅಲ್ಲಿಗೇ ಬಗೆಹರಿಯುತ್ತದೆ.

ಶ್ರವಣ ಸಾಧನ ಕೊಡಿಸಿದ ಮನೆಗಳಲ್ಲಿ ಅದು ಬೀರುವಿನಲ್ಲಿ ಮಲಗಿರುವುದೇ ಹೆಚ್ಚು. "ದುಡ್ಡು ಸುರಿದು ತಂದ್ರೂ ಹಾಕ್ಕೊಳಲ್ಲ" ಅಂತ ಮಕ್ಕಳ ದೂರು. ಎಷ್ಟೋ ವರ್ಷ ಸದ್ದಿಲ್ಲದೆ ಇದ್ದ ತಲೆಗೆ ಒಮ್ಮೆಲೇ ಫ್ಯಾನಿನ ಸದ್ದು, ತಟ್ಟೆಯ ಸದ್ದು, ತನ್ನದೇ ದನಿ ಎಲ್ಲ ನುಗ್ಗಿದರೆ ಯಾರಿಗಾದರೂ ಕಿತ್ತೆಸೆಯೋಣ ಅನ್ನಿಸುತ್ತದೆ. ಮೊದಲ ವಾರ ನಿಶ್ಶಬ್ದ ಕೋಣೆಯಲ್ಲಿ, ಒಬ್ಬರೇ ಮಾತಾಡಿ, ದಿನಕ್ಕೆ ಒಂದೆರಡು ಗಂಟೆ. ಆಮೇಲೆ ಊಟದ ಹೊತ್ತು, ಆಮೇಲೆ ಟಿವಿ. ಮದುವೆ ಛತ್ರಕ್ಕೆ ಹಾಕಿಸಿಕೊಂಡು ಹೋಗುವುದು ಎಲ್ಲಕ್ಕಿಂತ ಕೊನೆಗೆ. ಹೊಂದಿಕೊಳ್ಳಲು ವಾರಗಳೇ ಬೇಕು, ನಡುವೆ ಎರಡು–ಮೂರು ಸಲ ಸೆಟ್ಟಿಂಗ್ ಬದಲಿಸಿಕೊಂಡು ಬರಬೇಕು. ಇದು ಗೊತ್ತಿದ್ದರೆ ಮಕ್ಕಳು ಬೈಯುವುದಿಲ್ಲ, ಗೊತ್ತಿಲ್ಲದಿದ್ದರೆ ಎಷ್ಟು ಒಳ್ಳೆಯ ಮಕ್ಕಳಾದರೂ ಬೈದೇ ಬೈಯುತ್ತಾರೆ. ಮಂಡ್ಯದ ಟ್ರಾಕ್ಟರಿನ ಹಿಂದೆ ಹಾರ್ನ್ ಒತ್ತುವವರೇ ಇಲ್ಲಿಯೂ ಇರುವುದು.

ಕೇಳಿದ್ದನ್ನೇ ಕೇಳುವ ಅಜ್ಜಿಯದು ಕಿವಿಯ ತೊಂದರೆ ಅಲ್ಲ, ನೆನಪಿನದು. "ಡಾಕ್ಟರ್ ಹತ್ರ ಯಾವತ್ತು ಹೋಗೋದು?" ದಿನಕ್ಕೆ ಹತ್ತು ಸಲ. "ಆಗ್ಲೇ ಹೇಳಿದ್ನಲ್ಲ" ಅನ್ನುವುದರಿಂದ ಪ್ರಯೋಜನವಿಲ್ಲ, ಹೇಳಿದ್ದು ಅವರ ಪಾಲಿಗೆ ನಡೆದೇ ಇಲ್ಲ. ಗೋಡೆಯ ಕ್ಯಾಲೆಂಡರಿನ ಪಕ್ಕ ಒಂದು ಸ್ಲೇಟು ತೂಗುಹಾಕಿ, "ಗುರುವಾರ, ಬೆಳಗ್ಗೆ 10, ಡಾಕ್ಟರ್" ಅಂತ ದಪ್ಪಕ್ಷರದಲ್ಲಿ ಬರೆದಿಡಿ. ಕೇಳಿದಾಗ ಸ್ಲೇಟು ತೋರಿಸಿ. ನಾಲ್ಕು ದಿನದಲ್ಲಿ ಅವರೇ ಎದ್ದು ಹೋಗಿ ನೋಡುವ ಅಭ್ಯಾಸ ಮಾಡಿಕೊಂಡರೂ ಮಾಡಿಕೊಳ್ಳಬಹುದು.

ಇಷ್ಟೆಲ್ಲ ಬೇರೆಯವರಿಗಾಯಿತು. ತನ್ನ ಸಂತೋಷಕ್ಕೆ ಅಂತ ದಿನದಲ್ಲಿ ಇಪ್ಪತ್ತು ನಿಮಿಷ ಬೇಕೆನ್ನುವವರಿಗೆ ಹಿತ್ತಾಳೆ ಕಾಫಿ ಫಿಲ್ಟರಿಗಿಂತ ಒಳ್ಳೆಯ ನೆಪ ಸಿಗದು. ಮೇಲಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ, ಬಿಲ್ಲೆಯಿಂದ ಹಗುರಾಗಿ ಒಂದು ಒತ್ತು. ಕುದಿದು ಅರ್ಧ ನಿಮಿಷ ತಣಿದ ನೀರು 150 ಎಂಎಲ್‌ನಷ್ಟು, ಸುತ್ತಲೂ ಸುರಿದು ಮುಚ್ಚಬೇಕು. ಬಿಗಿಯಾಗಿ ಒತ್ತಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ, ಒತ್ತದಿದ್ದರೆ ಐದೇ ನಿಮಿಷಕ್ಕೆ ತಿಳಿನೀರಾಗಿ ಇಳಿದುಬಿಡುತ್ತದೆ. ಚಿಕೋರಿ ಹೆಚ್ಚಿದ್ದರೆ ಅದು ನೀರು ಹೀರಿ ಉಬ್ಬಿ ರಂಧ್ರ ಮುಚ್ಚುತ್ತದೆ, ಇನ್ನೂ ನಿಧಾನ. ಪೂರ್ತಿ ನಿಂತೇ ಹೋಗಿದ್ದರೆ ಫಿಲ್ಟರನ್ನು ಕುಟ್ಟಬೇಡಿ. ಕುಟ್ಟಿದರೆ ಪುಡಿ ಇನ್ನೂ ಬಿಗಿದು ಕೂರುತ್ತದೆ. ಅನೇಕ ಸಲ ಕಾರಣ ಗಾಳಿ, ಎರಡು ಪಾತ್ರೆ ಬಿಗಿಯಾಗಿ ಕೂತು ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ. ಮೇಲಿನದನ್ನು ಒಂದು ಕೂದಲಷ್ಟು ಎತ್ತಿ ಬಿಟ್ಟರೆ ಟಪ್ ಅಂತ ಮೊದಲ ಹನಿ ಬೀಳುತ್ತದೆ.

ಆ ಇಪ್ಪತ್ತು ನಿಮಿಷದಲ್ಲಿ ಮೊಬೈಲ್ ನೋಡುವುದಾದರೆ ಇನ್‌ಸ್ಟಂಟ್ ಪುಡಿಯೇ ಸಾಕು.

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವವರಲ್ಲಿ ಎರಡು ಪಂಗಡ. ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ ಆದ ಮೆಟ್ಟಿಲುಗಳಿವು, ಸುಮಾರು 700ನೆಯದರ ಹತ್ತಿರ ಏಕಶಿಲೆಯ ನಂದಿ. ಬೆಳಗ್ಗೆ ಆರಕ್ಕೆ ಕೈಗಡಿಯಾರದ ಗುಂಡಿ ಒತ್ತಿ ಓಡುತ್ತ ಶುರು ಮಾಡುವವರು ಒಂದು ಪಂಗಡ. ಕೆಳಭಾಗದ ಮೆಟ್ಟಿಲುಗಳೇ ಕಡಿದಾದವು ಅನ್ನುವುದು ಲೆಕ್ಕಕ್ಕಿಲ್ಲದೆ ಅಲ್ಲೇ ದಮ್ಮು ಖಾಲಿ ಮಾಡಿಕೊಂಡು ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿರುತ್ತಾರೆ. ಇನ್ನೊಂದು ಪಂಗಡ, ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತ ಬರುವ ಹೆಂಗಸರು. ಬಗ್ಗಬೇಕು, ಹಚ್ಚಬೇಕು, ಏಳಬೇಕು, ಆಮೇಲೆ ಮುಂದಿನದು. ಒಂದೊಂದು ಮೆಟ್ಟಿಲಿಗೂ ಒಂದು ತಡೆ ಇರುವುದರಿಂದ ಉಸಿರು ಏರುವುದಕ್ಕೆ ಅವಕಾಶವೇ ಇಲ್ಲ. ಸೊಂಟ ನೋಯುತ್ತದೆ, ದಮ್ಮು ಕಟ್ಟುವುದಿಲ್ಲ. ಓಡುತ್ತ ಹೋದವರು ಕೂತಿರುವ ಕಟ್ಟೆಯನ್ನು ಮಾತಾಡುತ್ತಲೇ ದಾಟಿ ಹೋಗುತ್ತಾರೆ.

ಅವರಲ್ಲಿ ಮೊದಲ ಸಲ ಬಂದವರು ಯಾರು ಅಂತ ಚಿಟಿಕೆ ನೋಡಿದರೆ ತಿಳಿಯುತ್ತದೆ. ಭಕ್ತಿಯ ಭರದಲ್ಲಿ ಕೆಳಗಿನ ನೂರು ಮೆಟ್ಟಿಲಿಗೆ ಧಾರಾಳವಾಗಿ ಹಚ್ಚಿರುತ್ತಾರೆ, ನಂದಿ ಕಾಣುವ ಮುಂಚೆಯೇ ಪೊಟ್ಟಣದ ತಳ ಕಾಣುತ್ತದೆ. ಗೊತ್ತಿರುವವರು ಬೆರಳ ತುದಿಗೆ ಒಂದು ಹನಿ ನೀರು ಮುಟ್ಟಿಸಿಕೊಂಡು ಒಂದೇ ಬೊಟ್ಟು ಇಡುತ್ತಾರೆ, ಗಾಳಿಗೂ ಹಾರುವುದಿಲ್ಲ. ಖಾಲಿ ಪೊಟ್ಟಣ ಹಿಡಿದು ನಿಂತವರ ಮುಂದೆ ಪಕ್ಕದವರ ಬಟ್ಟಲು ತಾನಾಗಿ ಬರುತ್ತದೆ. "ತಗೊಳಿ ಅಕ್ಕ, ಇನ್ನು ಮುನ್ನೂರೇ."